ಹಣ್ಣು ನೊಣದ ಬ್ರೇಕು: ಸೋಂಕಿನ ವಿರುದ್ಧದ ಹೋರಾಟ ಯಾವಾಗ ನಿಲ್ಲಬೇಕು?

ನಾನು ಜೀವಶಾಸ್ತ್ರ ಓದಿದವನಲ್ಲ. ಎಂ.ಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ, ಕೆಲಸ ಐರೋಲಿಯಲ್ಲಿ, ಮನೆ ಡೊಂಬಿವ್ಲಿಯಲ್ಲಿ. ಆದರೆ ಇವತ್ತು ಮಾತಾಡೋದು ಹಣ್ಣು ನೊಣದ ಬಗ್ಗೆ. ಬಾಳೆಹಣ್ಣು ಎರಡು ದಿನ ಜಾಸ್ತಿ ಇಟ್ಟರೆ ಅಡುಗೆಮನೆಯಲ್ಲಿ ಹಾರಾಡುತ್ತಲ್ಲ, ಕೆಂಪು ಕಣ್ಣಿನ, ಸುಮಾರು 3 ಮಿಲಿಮೀಟರ್ ಉದ್ದದ ನೊಣ, ಅದೇ. ವಿಜ್ಞಾನಿಗಳು ಅದನ್ನು ಡ್ರೊಸೊಫಿಲಾ ಅಂತಾರೆ.

ಇದರ ಹಿಂದೆ ಯಾಕೆ ಬಿದ್ದೆ ಅಂತ ಮೊದಲೇ ಹೇಳಿಬಿಡ್ತೀನಿ. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಅಪ್ಪ ಗದಗಿನಿಂದ ನಮ್ಮ ಮನೆಗೆ ಬಂದಿದ್ದರು. ಒಂದು ದಿನ ಮೊಣಕಾಲುದ್ದ ನೀರಿನಲ್ಲಿ ನಡೆದು ಮನೆ ಸೇರಿದರು. ಕಾಲಲ್ಲಿ ಸಣ್ಣ ಗಾಯ ಇತ್ತು. ಮೂರನೇ ದಿನ ಜ್ವರ, ಐದನೇ ದಿನ ಐಸಿಯು. ಸೆಪ್ಸಿಸ್ ಅಂದರು. ಆಂಟಿಬಯಾಟಿಕ್ ಕೆಲಸ ಮಾಡ್ತಿತ್ತು, ಆದರೂ ಕಿಡ್ನಿ ಕೈಕೊಡ್ತಾ ಬಂತು. ನಾನು ಡಾಕ್ಟರನ್ನು ಕೇಳಿದೆ: "ಇಮ್ಯುನಿಟಿ ಕಡಿಮೆ ಇರೋದಕ್ಕಾ ಹೀಗೆ?" ಅವರು ಹೇಳಿದರು: "ಇಲ್ಲ. ಸೋಂಕು ಹಿಡಿತಕ್ಕೆ ಬರ್ತಿದೆ. ಈಗ ತೊಂದರೆ ಕೊಡ್ತಿರೋದು ಅವರ ದೇಹದ್ದೇ ಪ್ರತಿಕ್ರಿಯೆ."

ಅಪ್ಪ ಹನ್ನೊಂದು ದಿನ ಐಸಿಯುನಲ್ಲಿದ್ದು ಹೊರಗೆ ಬಂದರು. ಆ ಮಾತು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ವೈರಿ ಸೋತ ಮೇಲೂ ಸೈನ್ಯ ಯಾಕೆ ನಿಲ್ಲಲ್ಲ? ಯಾರು ನಿಲ್ಲಿಸಬೇಕು? ಓದ್ತಾ ಹೋದಾಗ ಉತ್ತರದ ದೊಡ್ಡ ಭಾಗ ಈ ನೊಣದಲ್ಲಿ ಸಿಕ್ಕಿತು.

ನೊಣಕ್ಕೆ ನಮ್ಮ ಹಾಗೆ ಆಂಟಿಬಾಡಿ ಇಲ್ಲ. ಲಸಿಕೆ ಹಾಕಿ ನೆನಪಿಡಿಸೋ ಲಿಂಫೋಸೈಟ್‌ಗಳೂ ಇಲ್ಲ. ಇರೋದು ಹುಟ್ಟಿನಿಂದ ಬಂದ ರಕ್ಷಣೆ ಅಷ್ಟೇ. ಅದಕ್ಕೇ ಈ ವ್ಯವಸ್ಥೆಯನ್ನು ಬಿಡಿಸಿ ನೋಡೋದಕ್ಕೆ ನೊಣ ಬಹಳ ಅನುಕೂಲ. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಬ್ರೂನೋ ಲೆಮೇತ್ರ್, ಜೂಲ್ಸ್ ಹಾಫ್‌ಮನ್ ಮತ್ತು ಸಂಗಡಿಗರು 'ಟೋಲ್' ಎಂಬ ಜೀನ್ ಕೆಟ್ಟ ನೊಣಗಳು ಶಿಲೀಂಧ್ರದ ಸೋಂಕಿಗೆ ಬಲಿಯಾಗುತ್ತವೆ ಅಂತ ತೋರಿಸಿದರು. ಅದೇ ಜಾತಿಯ ರಿಸೆಪ್ಟರ್‌ಗಳು ಮನುಷ್ಯರಲ್ಲೂ ಇವೆ. 2011ರ ನೊಬೆಲ್‌ನಲ್ಲಿ ಹಾಫ್‌ಮನ್‌ಗೆ ಪಾಲು ಸಿಕ್ಕಿದ್ದು ಇದಕ್ಕೇ.

ನೊಣದ ಎರಡನೇ ದಾರಿಯ ಹೆಸರು ಐಎಂಡಿ. ನಗಬೇಡಿ, ಇದು ನಮಗೆ ರೆಡ್ ಅಲರ್ಟ್ ಕೊಡೋ ಹವಾಮಾನ ಇಲಾಖೆ ಅಲ್ಲ! ಆದರೆ ಇದರ ಕೆಲಸವೂ ಅಲರ್ಟ್ ಕೊಡೋದೇ. ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿ ಪೆಪ್ಟಿಡೋಗ್ಲೈಕಾನ್ ಅಂತ ಒಂದು ವಸ್ತು ಇರುತ್ತೆ. ನೊಣದ ಜೀವಕೋಶದ ಮೇಲಿರೋ ಪಿಜಿಆರ್‌ಪಿ-ಎಲ್‌ಸಿ ಎಂಬ ರಿಸೆಪ್ಟರ್ ಆ ಗೋಡೆಯ ಚೂರನ್ನು ಗುರುತಿಸುತ್ತೆ. ಸಂದೇಶ ಒಳಗೆ ಹೋಗುತ್ತೆ, ರೆಲಿಶ್ ಎಂಬ ಪ್ರೊಟೀನ್ ತುಂಡಾಗಿ ನ್ಯೂಕ್ಲಿಯಸ್ ಸೇರುತ್ತೆ, ಕೆಲವೇ ಗಂಟೆಗಳಲ್ಲಿ ಡಿಪ್ಟೆರಿಸಿನ್‌ನಂಥ ಬ್ಯಾಕ್ಟೀರಿಯಾ ಕೊಲ್ಲೋ ಪೆಪ್ಟೈಡ್‌ಗಳು ತಯಾರಾಗುತ್ತವೆ.

ಇಲ್ಲಿವರೆಗೆ ಎಲ್ಲರಿಗೂ ಅರ್ಥವಾಗೋ ಕಥೆ. ಮಜಾ ಮುಂದಿದೆ. ಅದೇ ರೆಲಿಶ್ ಆಯುಧಗಳ ಜೊತೆಗೇ ಬ್ರೇಕನ್ನೂ ತಯಾರಿಸುತ್ತೆ. ಒಂದು ಬ್ರೇಕು ಪಿಜಿಆರ್‌ಪಿ-ಎಲ್‌ಬಿ. ಇದು ಬ್ಯಾಕ್ಟೀರಿಯಾದ ಗೋಡೆಯ ಚೂರುಗಳನ್ನು ಕತ್ತರಿಸಿ, ಅಲಾರ್ಮ್ ಬಾರಿಸದ ಹಾಗೆ ಮಾಡುತ್ತೆ. ಇನ್ನೊಂದು ಪಿರ್ಕ್. ಇದು ಜೀವಕೋಶದ ಮೇಲಿನ ರಿಸೆಪ್ಟರನ್ನೇ ಅಲ್ಲಿಂದ ತೆಗೆಸುತ್ತೆ. ಆನ್-ಕಾಲ್ ಡ್ಯೂಟಿ ಮಾಡಿದವರಿಗೆ ಇದು ತಕ್ಷಣ ಹೊಳೆಯುತ್ತೆ. ಒಂದು ತಪ್ಪಿಗೆ ಸಾವಿರ ಅಲರ್ಟ್, ಪ್ರತಿ ಅಲರ್ಟ್‌ಗೂ ಆಟೋ ರಿಸ್ಟಾರ್ಟ್. ಕೊನೆಗೆ ಸರ್ವರ್ ಬೀಳೋದು ಮೂಲ ತಪ್ಪಿನಿಂದಲ್ಲ, ನಮ್ಮ ರಿಸ್ಟಾರ್ಟ್‌ಗಳಿಂದ.

ಬ್ರೇಕು ಕಿತ್ತರೆ ಏನಾಗುತ್ತೆ? ಲೆಮೇತ್ರ್ ಅವರ ತಂಡ 2011ರಲ್ಲಿ ಗೋಡೆಯ ಚೂರು ಕತ್ತರಿಸೋ ಇಂಥ ಆರು ಜೀನ್‌ಗಳನ್ನೂ ತೆಗೆದು ನೋಡಿತು. ನೊಣಗಳು ಹುಟ್ಟಿದವು, ಬದುಕಿದವು. ಆದರೆ ಸಾಮಾನ್ಯವಾಗಿ ಏನೂ ಮಾಡದ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೂ ಅವುಗಳ ಪ್ರತಿಕ್ರಿಯೆ ಅವುಗಳಿಗೇ ಮುಳುವಾಯಿತು.

ಕರುಳಿನಲ್ಲಿ ಈ ಬ್ರೇಕು ಇನ್ನೂ ಮುಖ್ಯ. ಅಲ್ಲಿ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತವೆ. ಎಲ್ಲಕ್ಕೂ ಅಲಾರ್ಮ್ ಬಾರಿಸಿದರೆ ಬದುಕೋದು ಹೇಗೆ? 2008ರಲ್ಲಿ ದಕ್ಷಿಣ ಕೊರಿಯಾದ ತಂಡವೊಂದು, ಕರುಳಿನಲ್ಲಿ ಕಾಡಲ್ ಎಂಬ ಪ್ರೊಟೀನ್ ಈ ಪೆಪ್ಟೈಡ್‌ಗಳನ್ನು ತಡೆದಿಡುತ್ತೆ ಅಂತ ಕಂಡುಕೊಂಡಿತು. ಕಾಡಲ್ ಕಡಿಮೆ ಮಾಡಿದಾಗ ಪೆಪ್ಟೈಡ್ ಜಾಸ್ತಿಯಾಗಿ ಒಳ್ಳೆಯ ಬ್ಯಾಕ್ಟೀರಿಯಾ ಸತ್ತವು, ಮೂಲೆಯಲ್ಲಿದ್ದ ಒಂದು ಜಾತಿ ಮೆರೆಯಿತು, ಕರುಳು ಹಾಳಾಯಿತು, ನೊಣ ಸತ್ತಿತು. 'ಹೆಚ್ಚು ಇಮ್ಯುನಿಟಿ' ಇದ್ದದ್ದಕ್ಕೇ ಸತ್ತಿತು.

ಇದೆಲ್ಲ ದೂರದ ಕಥೆ ಅಂದುಕೊಳ್ಳಬೇಡಿ. ಮುಂಬೈಗೂ ಈ ನೊಣಕ್ಕೂ ಹಳೇ ನಂಟು. 1962ರಲ್ಲಿ ಹೋಮಿ ಭಾಭಾ ಕರೆದಿದ್ದಕ್ಕೆ ಒಬೈದ್ ಸಿದ್ದಿಕಿ ಟಿಐಎಫ್‌ಆರ್‌ಗೆ ಬಂದು ಅಣು ಜೀವಶಾಸ್ತ್ರದ ವಿಭಾಗ ಕಟ್ಟಿದರು. ಮುಂದೆ ಕೊಲಾಬಾದಲ್ಲಿ ನೊಣದ ನರಮಂಡಲ, ರುಚಿ, ವಾಸನೆಗಳ ಮೇಲೆ ಕೆಲಸ ನಡೆಯಿತು. ಆಮೇಲೆ ಅವರೇ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಕಟ್ಟಿದರು. ನಾವು ಕೆಲಸ ಹುಡುಕಿ ಇಲ್ಲಿಗೆ ಬಂದ್ವಿ, ನೊಣಗಳು ಇಲ್ಲಿಂದ ನಮ್ಮೂರ ಕಡೆ ಹೋದವು!

ರೋಗನಿರೋಧಕತೆಯ ಕೆಲಸ ನಡೀತಿರೋದು ಘಟ್ಟದ ಆಚೆ, ಪುಣೆಯ ಐಸರ್‌ನಲ್ಲಿ. ಅಲ್ಲಿನ ಗಿರೀಶ್ ರತ್ನಪಾರಖಿ ಅವರ ಲ್ಯಾಬ್ 2022ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಹಿಡಿಸಿತು. ನೊಣದ ಕರುಳಿನಲ್ಲಿ ಜೆಆರ್‌ಎ ಅಂತ ಒಂದು ಪ್ರೊಟೀನ್ ಇದೆ. ಸೋಂಕು ಬಂದಾಗ ಅದು ಕೆಲವು ಸಾವಿರ ಜೀನ್‌ಗಳ ಕೆಲಸವನ್ನು ಏರಿಳಿಸುತ್ತೆ. ಅದಕ್ಕೆ ಸುಮೋ ಎಂಬ ಚಿಕ್ಕ ಪ್ರೊಟೀನ್ ಅಂಟಿಕೊಂಡರೆ ಅದರ ಜೋರು ಕಡಿಮೆಯಾಗುತ್ತೆ. ಸುಮೋ ಅಂಟದ ಹಾಗೆ ಎರಡು ಕಡೆ ಬದಲಿಸಿದ ನೊಣಗಳು ಗಟ್ಟಿಯಾಗಬೇಕಿತ್ತಲ್ವಾ? ಆಗಲಿಲ್ಲ. ರಕ್ಷಣೆ ಸೊರಗಿತು, ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಜಾಸ್ತಿಯಾಯಿತು. ಅಂದರೆ ಬ್ರೇಕು ಕೊನೆಯಲ್ಲಿ ಹಾಕೋದು ಮಾತ್ರ ಅಲ್ಲ. ಚೆನ್ನಾಗಿ ಹೋರಾಡೋದಕ್ಕೂ ಬ್ರೇಕು ಬೇಕು.

ಈಗ ಅಪ್ಪನ ವಿಷಯಕ್ಕೆ ಬರ್ತೀನಿ. ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ಅಂಗಾಂಗ ಕೆಡೋದೇ ಸೆಪ್ಸಿಸ್, ಅಂತ 2016ರ ಅಂತರರಾಷ್ಟ್ರೀಯ ವ್ಯಾಖ್ಯೆಯೇ ಹೇಳುತ್ತೆ. ಹಾಗಾದರೆ ಪ್ರತಿಕ್ರಿಯೆಯನ್ನೇ ಆಫ್ ಮಾಡಿದರೆ ಆಯ್ತಲ್ಲ? ಅದನ್ನೂ ಪ್ರಯತ್ನಿಸಿದ್ದಾರೆ. ಉರಿಯೂತದ ಒಂದು ಸಂದೇಶವನ್ನು ಮಾತ್ರ ತಡೆಯೋ ಔಷಧಿಗಳು ಸೆಪ್ಸಿಸ್‌ನ ದೊಡ್ಡ ಪರೀಕ್ಷೆಗಳಲ್ಲಿ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಪೂರ್ತಿ ಆನ್ ಇದ್ದರೂ ಸಾವು, ಪೂರ್ತಿ ಆಫ್ ಆದರೂ ಸಾವು. ಹಾಗಾಗಿ ನಮ್ಮ ಕೈಲಿರೋದು ಒಂದೇ, ಬೇಗ ಆಸ್ಪತ್ರೆಗೆ ಹೋಗೋದು. ಗಾಯ, ಜ್ವರ, ಉಸಿರು ಜೋರಾಗೋದು, ಮಾತು ತಡವರಿಸೋದು, ಮೂತ್ರ ಕಡಿಮೆಯಾಗೋದು ಕಂಡರೆ ನಾಳೆವರೆಗೆ ಕಾಯಬೇಡಿ. ನಾನು ಎರಡು ದಿನ ಕಾದೆ. ಆಫೀಸಿನಲ್ಲಿ ರಿಲೀಸ್ ಇತ್ತು. ಪ್ಯಾರಾಸಿಟಮಾಲ್ ಕೊಟ್ಟು ಕೆಲಸಕ್ಕೆ ಹೋದೆ. ಅದು ಇವತ್ತಿಗೂ ಚುಚ್ಚುತ್ತೆ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಈ ನೊಣದ ಕಥೆ ಹೇಳಿದಾಗ ನಕ್ಕರು. "ಅಲ್ಲೋ ತಮ್ಮಾ, ಇಂಜಿನ್ ಚಲೋ ಐತಿ ಅಂತ ಯಾರರೆ ಗಾಡಿ ರೋಡಿಗೆ ಬಿಡ್ತಾರೇನು? ಮೊದ್ಲ ಬ್ರೇಕ್ ನೋಡ್ತಾರ," ಅಂದರು.

ಫ್ಯಾಮಿಲಿ ಗ್ರೂಪ್‌ನಲ್ಲಿ 'ಇಮ್ಯುನಿಟಿ ಹೆಚ್ಚಿಸಿಕೊಳ್ಳಿ' ಅಂತ ಮೆಸೇಜ್ ಬಂದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತೆ. ಕಷಾಯ ಕುಡೀರಿ, ಬೇಡ ಅನ್ನಲ್ಲ. ಆದರೆ ಮನೆಯಲ್ಲಿ ವಯಸ್ಸಾದವರಿಗೆ ಜ್ವರ ಬಂದರೆ ಕಷಾಯದ ಮೇಲೆ ಭಾರ ಹಾಕಿ ಆಫೀಸಿಗೆ ಹೋಗಬೇಡಿ.