ಕಳ್ಳನಿಗೆ ಅಂತ ಹಾಕಿದ ಬೀಗ

ಇವತ್ತಿನ ಸಂಚಿಕೆಯಲ್ಲಿ ಒಂದು ಸರಳ ಪ್ರಶ್ನೆ: ದುಡ್ಡು ಕೊಟ್ಟು ತಗೊಂಡ ಗೇಮ್ ನಿಜವಾಗ್ಲೂ ನಮ್ಮದೇನಾ? ರಿಯಲ್ ಟೈಮ್ ಸ್ಟ್ರಾಟಜಿ, ಅಂದ್ರೆ ಸಂಪನ್ಮೂಲ ಕೂಡಿಸಿ, ಸೈನ್ಯ ಕಟ್ಟಿ, ಯುದ್ಧ ಮಾಡೋ ಆಟಗಳನ್ನೇ ಉದಾಹರಣೆಗೆ ಇಟ್ಕೊಳ್ಳೋಣ.

ಮೊದಲು ಕಂಪನಿಗಳ ಕಷ್ಟ ನೋಡೋಣ. ಪೈರಸಿ ಅನ್ನೋದು ಬರೀ ನೆಪ ಅಲ್ಲ. 2009ರಲ್ಲಿ ‘ಡೆಮಿಗಾಡ್’ ಬಂದಾಗ ಅದರ ಡಿಸ್ಕ್‌ಗೆ ನಕಲು ತಡೆಯುವ ಬೀಗವೇ ಇರಲಿಲ್ಲ. ಸರ್ವರ್‌ಗೆ ಒಮ್ಮೆಲೇ ಸುಮಾರು 1.2 ಲಕ್ಷ ಸಂಪರ್ಕಗಳು ನುಗ್ಗಿದವು. ಅದರಲ್ಲಿ ಕೊಂಡವರದ್ದು ಸುಮಾರು 18 ಸಾವಿರ ಮಾತ್ರ ಅಂತ ಪ್ರಕಾಶಕ ಸಂಸ್ಥೆ ಸ್ಟಾರ್‌ಡಾಕ್ ಹೇಳಿತು. ಸರ್ವರ್ ತತ್ತರಿಸಿತು. ಒದ್ದಾಡಿದ್ದು ಯಾರು? ದುಡ್ಡು ಕೊಟ್ಟವರು.

ಮರುವರ್ಷ ಬಂದ ಎರಡು ದೊಡ್ಡ ಆಟಗಳು ಬೇರೆ ದಾರಿ ಹಿಡಿದವು. 2010ರ ಮಾರ್ಚ್‌ನ ‘ಕಮಾಂಡ್ ಅಂಡ್ ಕಾಂಕರ್ 4’ರಲ್ಲಿ ನೀವೊಬ್ಬರೇ ಕೂತು ಆಡಿದರೂ ಇಂಟರ್ನೆಟ್ ಇರಲೇಬೇಕು. ಜುಲೈನಲ್ಲಿ ಬಂದ ‘ಸ್ಟಾರ್‌ಕ್ರಾಫ್ಟ್ 2’ರಲ್ಲಿ ಲ್ಯಾನ್ ಸೌಲಭ್ಯವೇ ಇಲ್ಲ. ಒಂದೇ ಕೋಣೆಯಲ್ಲಿರುವ ಇಬ್ಬರು ಆಡಬೇಕಾದರೂ ಬ್ಯಾಟಲ್‌ನೆಟ್ ಮೂಲಕವೇ ಹೋಗಬೇಕು. 1998ರ ಮೊದಲ ‘ಸ್ಟಾರ್‌ಕ್ರಾಫ್ಟ್’ನಲ್ಲಾದರೆ ಒಂದೇ ಸಿಡಿಯಿಂದ ಗೆಳೆಯರ ಕಂಪ್ಯೂಟರಿಗೂ ‘ಸ್ಪಾನ್’ ಪ್ರತಿ ಹಾಕಿ ಒಟ್ಟಿಗೆ ಆಡಲು ಕಂಪನಿಯೇ ಅವಕಾಶ ಕೊಟ್ಟಿತ್ತು!

ಇಲ್ಲೊಂದು ತಾಂತ್ರಿಕ ವಿಷಯ ಗಮನಿಸಿ. ಈ ಬಗೆಯ ಆಟಗಳಲ್ಲಿ ಸಾವಿರಾರು ಸೈನಿಕರ ಚಲನೆ ತಂತಿಯಲ್ಲಿ ಹರಿಯೋದಿಲ್ಲ. ‘ಇವರು ಅಲ್ಲಿಗೆ ಹೋಗಲಿ’ ಅನ್ನೋ ಆಜ್ಞೆ ಮಾತ್ರ ಹೋಗುತ್ತೆ. ಉಳಿದ ಲೆಕ್ಕವನ್ನ ಪ್ರತಿ ಕಂಪ್ಯೂಟರೂ ತಾನೇ ಮಾಡಿಕೊಳ್ಳುತ್ತೆ. ಅದಕ್ಕೇ 1997ರ ‘ಏಜ್ ಆಫ್ ಎಂಪೈರ್ಸ್’ 28.8 ಕೆಬಿಪಿಎಸ್ ಮೋಡೆಮ್‌ನಲ್ಲೂ ಓಡುತ್ತಿತ್ತು. ನಮ್ಮ ಹಾಸ್ಟೆಲ್‌ಗಳಲ್ಲಿ ಒಂದು ಸ್ವಿಚ್, ನಾಲ್ಕು ಕೇಬಲ್ ಇದ್ದರೆ ಬೆಳಗಿನವರೆಗೂ ಯುದ್ಧ ನಡೀತಿತ್ತು, ಅಲ್ವಾ? ಅಂದ್ರೆ ಪಕ್ಕಪಕ್ಕದಲ್ಲಿ ಕೂತವರ ಆಟಕ್ಕೆ ದೂರದ ಸರ್ವರ್ ಬೇಕಿಲ್ಲ. ಅದು ಬೇಕಾಗಿರೋದು ಕಾವಲಿಗೆ.

ಕಾವಲುಗಾರ ಶಾಶ್ವತವಾಗಿ ಮನೆಗೆ ಹೋದ್ರೆ? 2014ರಲ್ಲಿ ಗೇಮ್‌ಸ್ಪೈ ಸೇವೆ ಮುಚ್ಚಿದಾಗ, ಅದನ್ನು ನೆಚ್ಚಿದ್ದ ‘ಕಮಾಂಡ್ ಅಂಡ್ ಕಾಂಕರ್: ಜನರಲ್ಸ್’ನ ಆನ್‌ಲೈನ್ ಆಟ ಉಳಿದದ್ದು ಅಭಿಮಾನಿಗಳೇ ನಡೆಸಿದ ಸರ್ವರ್‌ಗಳಿಂದ. ಅದರಲ್ಲಿ ಲ್ಯಾನ್ ಇತ್ತು, ಹಾಗಾಗಿ ಪೂರ್ತಿ ಸಾಯಲಿಲ್ಲ. 2025ರ ಫೆಬ್ರವರಿಯಲ್ಲಿ ಇಎ ಕಂಪನಿಯೇ ಅದರ ಸೋರ್ಸ್ ಕೋಡ್ ಬಿಡುಗಡೆ ಮಾಡಿತು. ಮನಸ್ಸಿದ್ದರೆ ಮಾರ್ಗ ಇದೆ ಅಂತಾಯ್ತು.

ನಾನು ಪೈರಸಿ ಪರ ಮಾತಾಡ್ತಿಲ್ಲ. ಆದರೆ ಬೀಗ ಒಡೆದ ಪ್ರತಿ ಆಡುವವನಿಗೆ ಯಾವ ತಪಾಸಣೆಯೂ ಇಲ್ಲ. ಕರೆಂಟ್ ಹೋಗಿ ವೈಫೈ ನಿಂತಾಗ ಆಚೆ ನಿಲ್ಲೋದು ಬಿಲ್ ಇಟ್ಟುಕೊಂಡವನು. ಹಾಗಾಗಿ ಕೇಳಬೇಕಾದ್ದು ಎರಡೇ. ಇಂಟರ್ನೆಟ್ ಇಲ್ಲದೆ ಏನೇನು ನಡೆಯಲ್ಲ ಅನ್ನೋದನ್ನ ಮಾರುವಾಗಲೇ ಹೇಳಿ. ಸರ್ವರ್ ಮುಚ್ಚುವ ದಿನ ಲ್ಯಾನ್ ಪ್ಯಾಚ್ ಒಂದನ್ನ ಕೊಟ್ಟು ಹೋಗಿ.

ನೀವೇನಂತೀರಿ? ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.