ಬಿಲ್‌ನಲ್ಲಿ ಉಳಿದ 786 ರೂಪಾಯಿ ಎಲ್ಲಿ ಹೋಯ್ತು?

(ಈ ವಾರದ ಸಂಚಿಕೆಯ ಲಿಖಿತ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ರೆ ಒಳ್ಳೇದು. ಅಡುಗೆಮನೇಲಿ ಕೆಲಸ ಮಾಡ್ತಾ ಕೇಳ್ತಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಇವತ್ತಿನ ಮಾತೆಲ್ಲ ಅಡುಗೆಮನೆ ಡಬ್ಬಗಳದ್ದೇ. ಡಿಸ್ಕೌಂಟ್ ಸೂಪರ್ ಮಾರ್ಕೆಟ್‌ಗೆ ಹೋಗಿ ಟ್ರಾಲಿ ತುಂಬಿಸ್ಕೊಂಡು ಬರ್ತೀವಲ್ಲ, ಅದರಲ್ಲಿ ಯಾವುದು ನಿಜಕ್ಕೂ ಲಾಭ, ಯಾವುದು ಬರೀ ಆಸೆ ಅಂತ ಮಾತಾಡೋಣ.

ನನ್ನ ಮನೆ ಇರೋದು ಹೊಸನಗರ ತಾಲ್ಲೂಕಿನ ಒಂದು ಹಳ್ಳೀಲಿ. ಕೆಲಸ ಸಾಗರದಲ್ಲಿ. ನಮ್ಮ ಕಡೆ ಮಳೆಗಾಲಕ್ಕೆ ಸಾಮಾನು ತುಂಬಿಸೋದು ಹಳೇ ಪದ್ಧತಿ. ಮೃಗಶಿರ ಮಳೆ ಹಿಡಿಯೋದರೊಳಗೆ ಬೇಳೆ, ಬೆಲ್ಲ, ಉಪ್ಪು, ಒಣಮೆಣಸು, ಹಪ್ಪಳ ಎಲ್ಲ ಅಟ್ಟ ಸೇರಿರಬೇಕು. ನಮ್ಮಜ್ಜಿ ಕಾಲದಲ್ಲಿ ಇದು ಅನಿವಾರ್ಯ ಆಗಿತ್ತು. ಹಳ್ಳ ತುಂಬಿ ಸಂಕ ದಾಟಕ್ಕಾಗದಿದ್ರೆ ವಾರಗಟ್ಟಲೆ ಪೇಟೆ ಮುಖ ನೋಡೋ ಹಾಗಿರಲಿಲ್ಲ. ಈಗ ರಸ್ತೆ ಇದೆ, ಕಾರಿದೆ. ಆದ್ರೂ ಮೇ ತಿಂಗಳ ಕೊನೆಗೆ ಅಮ್ಮಂಗೆ ಕೈ ತುರಿಸೋಕೆ ಶುರುವಾಗುತ್ತೆ.

ಹೋದ ವರ್ಷ ನಾನೇ ಐಡಿಯಾ ಕೊಟ್ಟೆ. "ಅಮ್ಮ, ಶಿವಮೊಗ್ಗಕ್ಕೆ ಹೋಗಿ ಒಂದೇ ಸಲ ತಂದುಬಿಡಣ. ಡಿಸ್ಕೌಂಟ್ ಅಂಗಡೀಲಿ ಎಲ್ಲ ಕಡಿಮೆಗೆ ಸಿಗ್ತದೆ" ಅಂತ. ಸಾಗರದಿಂದ ಚಿಕ್ಕಮ್ಮ ರೈಲಲ್ಲಿ ಬಂದ್ರು. ತೀರ್ಥಹಳ್ಳೀಲಿ ಬಾಡಿಗೆ ರೂಮ್ ಮಾಡ್ಕೊಂಡಿರೋ ನನ್ನ ಗೆಳತಿ ಬಸ್ಸಲ್ಲಿ ಬಂದ್ಲು. ಮೂರು ಊರು, ಮೂರು ಟ್ರಾಲಿ.

ನನ್ನ ಬಿಲ್ 5,240 ರೂಪಾಯಿ ಆಯ್ತು. ಬಿಲ್ಲಿನ ಕೆಳಗೆ ದಪ್ಪ ಅಕ್ಷರದಲ್ಲಿ, ನೀವು ಇವತ್ತು ಉಳಿಸಿದ್ದು 786 ರೂಪಾಯಿ ಅಂತ ಬರೆದಿತ್ತು. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಅಪ್ಪ ಒಂದು ಹೆಬ್ಬೆಟ್ಟು ಒತ್ತಿದ್ರು, ಅಷ್ಟೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ್ರು, "ಕಾರಿಗೆ ಎಷ್ಟು ಪೆಟ್ರೋಲ್ ಹಾಕ್ಸಿದ್ಯೇ?" ಹೋಗಿ ಬಂದಿದ್ದು 130 ಕಿಲೋಮೀಟರ್. ನಮ್ಮ ಹಳೇ ಕಾರು ಲೀಟರಿಗೆ ಹದಿನಾರು ಕೊಡ್ತದೆ. ಲೆಕ್ಕ ಹಾಕಿದ್ರೆ ಪೆಟ್ರೋಲೇ ಸುಮಾರು 830 ರೂಪಾಯಿ. ಅಂದ್ರೆ 786 ಉಳಿಸೋಕೆ 830 ಖರ್ಚು. ಮಧ್ಯಾಹ್ನ ಹೋಟೆಲಲ್ಲಿ ಊಟ ಮಾಡಿದ್ದು ಬೇರೆ. ಬೇರೆ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದಾಗ ತಂದಿದ್ರೆ ಈ ಲೆಕ್ಕ ಬರ್ತಿರಲಿಲ್ಲ. ಇದಕ್ಕೇ ಅಂತ ಹೋಗಿದ್ದು ನಮ್ಮ ಮೊದಲ ತಪ್ಪು.

ಇನ್ನೊಂದು ವಿಷಯ. ಆ 786 ರೂಪಾಯಿ ಎಂಆರ್‌ಪಿಗೆ ಹೋಲಿಸಿದ ಲೆಕ್ಕ. ಎಂಆರ್‌ಪಿ ಅಂದ್ರೆ ಗರಿಷ್ಠ ಮಾರಾಟ ಬೆಲೆ, ಅದಕ್ಕಿಂತ ಹೆಚ್ಚು ತಗೋಬಾರದು ಅಂತ ಮಾತ್ರ ಅರ್ಥ. ನಮ್ಮೂರ ಅಂಗಡಿಯಣ್ಣನೂ ಎಷ್ಟೋ ಸಾಮಾನು ಎಂಆರ್‌ಪಿಗಿಂತ ಎರಡು ಮೂರು ರೂಪಾಯಿ ಕಡಿಮೆಗೇ ಕೊಡ್ತಾರೆ. ಅವರು ಅದನ್ನ ಪ್ರಿಂಟ್ ಹಾಕಿ ಕೊಡಲ್ಲ, ಅಷ್ಟೇ ವ್ಯತ್ಯಾಸ.

ಹಾಗಂತ ಡಿಸ್ಕೌಂಟ್ ಅಂಗಡಿ ಅಂದ್ರೆ ಮೋಸ ಅಂತ ತಿಳ್ಕೋಬೇಡಿ. ಆ ವ್ಯಾಪಾರಕ್ಕೊಂದು ಲೆಕ್ಕಾಚಾರ ಇದೆ. ಜರ್ಮನಿಯಲ್ಲಿ ಆಲ್ಬ್ರೆಕ್ಟ್ ಅಣ್ಣತಮ್ಮಂದಿರು ಆಲ್ಡಿ ಅಂಗಡಿ ಬೆಳೆಸಿದ್ದು ಇದೇ ದಾರೀಲಿ. ಕಡಿಮೆ ಬಗೆಯ ಸಾಮಾನು ಇಡೋದು, ಒಂದೊಂದನ್ನೂ ರಾಶಿಗಟ್ಟಲೆ ಕೊಳ್ಳೋದು, ಅಲಂಕಾರಕ್ಕೆ ದುಡ್ಡು ಹಾಕದೇ ಇರೋದು, ಸ್ವಂತ ಬ್ರ್ಯಾಂಡಿನ ಪಾಕೆಟ್ ಮಾರೋದು. ನಮ್ಮ ದೇಶದಲ್ಲಿ ಬಿಗ್ ಬಜಾರ್ 2001ರಲ್ಲಿ ಶುರುವಾಯ್ತು, ಡಿಮಾರ್ಟ್ ಮುಂಬೈನ ಪವಾಯಿಯಲ್ಲಿ 2002ರಲ್ಲಿ. ಬಿಗ್ ಬಜಾರ್ 2022ರ ಹೊತ್ತಿಗೆ ಕಣ್ಮರೆ ಆಯ್ತು, ಡಿಮಾರ್ಟ್ ಬೆಳೀತಾನೇ ಇದೆ. ರಾಶಿ ಕೊಳ್ಳೋನಿಗೆ ಬೆಲೆ ಕಡಿಮೆ ಬೀಳೋದು ನಿಜ. ಆ ರಾಶಿ ನಮ್ಮ ಮನೆಗೆ ಹೊಂದ್ತದಾ ಅನ್ನೋದು ನಾವು ಕೇಳ್ಕೋಬೇಕಾದ ಪ್ರಶ್ನೆ.

ಸರಿ, ಈಗ ಮೂರು ಟ್ರಾಲಿ ತೆಗೆದು ನೋಡೋಣ. ಮೊದಲು ಗೆದ್ದಿದ್ದು.

ನಮ್ಮ ಮೂರೂ ಜನರ ಪಟ್ಟೀಲಿ ಒಂದನೇ ಸ್ಥಾನ ತೊಗರಿಬೇಳೆಗೆ. ಊರ ಅಂಗಡೀಲಿ ಅವತ್ತಿನ ರೇಟು ಕಿಲೋಗೆ 160, ಅಲ್ಲಿ 138. ಐದು ಕಿಲೋಗೆ 110 ರೂಪಾಯಿ ಉಳೀತು. ಬೇಳೆ ಚೆನ್ನಾಗಿ ಬೇಯ್ತು, ಕಲ್ಲಿರಲಿಲ್ಲ. ಯೋಚನೆ ಮಾಡಿ, ತೊಗರಿ ನಮ್ಮ ಮಲೆನಾಡಿನ ಬೆಳೆ ಅಲ್ಲವೇ ಅಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಅದು ಅಲ್ಲಿಂದ ಬಂದ್ರೂ ಬೇರೆ ಕಡೆಯಿಂದ ಬಂದ್ರೂ ಲಾರಿ ಹತ್ತಿಯೇ ಬರಬೇಕು. ನಮ್ಮೂರ ಅಂಗಡಿಗೂ ಲಾರೀಲೇ ಬರ್ತದೆ, ಅಲ್ಲಿಗೂ ಲಾರೀಲೇ ಬರ್ತದೆ. ರಾಶಿ ಕೊಂಡವನ ಹತ್ರ ಕಡಿಮೆ.

ಉದ್ದಿನಬೇಳೆ, ಕಡಲೆಬೇಳೆ, ಶೇಂಗಾ, ಸಕ್ಕರೆಗೂ ಇದೇ ಲೆಕ್ಕ. ಚಿಕ್ಕಮ್ಮಂಗೆ ಖುಷಿ ಕೊಟ್ಟಿದ್ದು ಒಣದ್ರಾಕ್ಷಿ, ಗೋಡಂಬಿ ತುಂಡು. "ಪಾಯಸಕ್ಕೆ ಇಡೀ ಗೋಡಂಬಿ ಎಂತಕ್ಕೆ? ತುಂಡಿಗೂ ಅದೇ ರುಚಿ" ಅಂತ ಅವರ ವಾದ. ತೀರ್ಥಹಳ್ಳಿ ಗೆಳತಿಗೆ ಇಷ್ಟ ಆಗಿದ್ದು ಓಟ್ಸ್ ಮತ್ತೆ ಅಂಗಡಿಯದ್ದೇ ಬ್ರ್ಯಾಂಡಿನ ಶೇಂಗಾ ಬೆಣ್ಣೆ. ಹಿಂದೆ ತಿರುಗಿಸಿ ನೋಡಿದ್ಲಂತೆ, ಪದಾರ್ಥದ ಪಟ್ಟೀಲಿ ಮೊದಲ ಹೆಸರು ಶೇಂಗಾ.

ಇದನ್ನ ಎಲ್ಲರೂ ಕಲೀಬೇಕು. ಪಾಕೆಟ್ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತಲ್ಲ, ಅದರಲ್ಲಿ ಯಾವುದು ಹೆಚ್ಚಿಗೆ ಇದೆಯೋ ಅದನ್ನ ಮೊದಲು ಬರೀಬೇಕು ಅಂತ ನಿಯಮ. ಮೊದಲ ಮೂರು ಹೆಸರು ಓದಿದ್ರೆ ಒಳಗೆ ಎಂತ ಉಂಟು ಅಂತ ಸುಮಾರಾಗಿ ಗೊತ್ತಾಗ್ತದೆ.

ಈಗ ಸೋತಿದ್ದು. ಇದು ಸ್ವಲ್ಪ ಉದ್ದ ಇದೆ.

ಒಂದು, ಕಾಫಿಪುಡಿ. ಒಂದು ತಗೊಂಡ್ರೆ ಒಂದು ಉಚಿತ ಅಂತಿತ್ತು. ಅಪ್ಪ ಮೊದಲ ಗುಟುಕಿಗೇ ಲೋಟ ಕೆಳಗಿಟ್ರು. ಪಾಕೆಟ್ ತಿರುಗಿಸಿದ್ರೆ ಕಾಫಿ 53, ಚಿಕೋರಿ 47 ಪರ್ಸೆಂಟ್. ಮೋಸ ಇಲ್ಲ, ಬರೆದಿದ್ದಾರೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಚಿಕೋರಿ 49 ಪರ್ಸೆಂಟ್ ತನಕ ಇರಬಹುದು ಅಂತ ಕಾನೂನೇ ಹೇಳುತ್ತೆ. ಓದದೇ ಇದ್ದಿದ್ದು ನಾನು. ಉಚಿತದ ಪಾಕೆಟ್ ಇನ್ನೂ ಹಾಗೇ ಇದೆ, ಯಾರಿಗಾದ್ರೂ ಬೇಕಾ?

ಎರಡು, ಎಣ್ಣೆ. ಒಂದು ಲೀಟರ್ ಅಂದ್ಕೊಂಡು 128 ರೂಪಾಯಿಯ ಪಾಕೆಟ್ ಮೂರು ತಂದೆ. ಮನೇಲಿ ನೋಡಿದ್ರೆ ಅದರಲ್ಲಿ ಇದ್ದಿದ್ದು 800 ಗ್ರಾಂ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗ್ತದೆ. ಊರ ಅಂಗಡೀಲಿ ಪೂರ್ತಿ ಲೀಟರಿಗೆ 140. ನೂರು ಗ್ರಾಂಗೆ ಲೆಕ್ಕ ಹಾಕಿ: ಅಲ್ಲಿ 16 ರೂಪಾಯಿ, ಇಲ್ಲಿ 15 ರೂಪಾಯಿ 38 ಪೈಸೆ. ಕಡಿಮೆ ಅಂತ ತಂದಿದ್ದೇ ದುಬಾರಿ ಆಯ್ತು. ಈಗ ಪಾಕೆಟ್ ಮೇಲೆ ಎಂಆರ್‌ಪಿ ಪಕ್ಕದಲ್ಲಿ ಗ್ರಾಂಗೆ ಅಥವಾ ಮಿಲಿಲೀಟರಿಗೆ ಎಷ್ಟು ಬೆಲೆ ಅಂತ ಸಣ್ಣಕ್ಷರದಲ್ಲಿ ಇರ್ತದೆ. ಅದನ್ನ ಹುಡುಕಿ.

ಮೂರು, ಗೆಳತಿಯ ಫ್ರೋಜನ್ ಬಟಾಣಿ. ಎರಡು ಕಿಲೋ ಆಫರಲ್ಲಿ ಸಿಕ್ತು ಅಂತ ಕುಣಿದಿದ್ಲು. ತೀರ್ಥಹಳ್ಳಿ ಅಂದ್ರೆ ಆಗುಂಬೆ ಇರೋ ತಾಲ್ಲೂಕು ಮಾರಾಯ್ರೆ! ಜೂನ್ ಮೂರನೇ ವಾರ ಮರ ಬಿದ್ದು ಎರಡು ದಿನ ಕರೆಂಟಿಲ್ಲ. ಫ್ರಿಜ್ ಬಾಗಿಲು ತೆಗೆದ್ರೆ ಬಟಾಣಿ ನೀರಲ್ಲಿ ತೇಲ್ತಿತ್ತಂತೆ. ಅದರ ಜೊತೆಗಿದ್ದ ಐಸ್‌ಕ್ರೀಮ್ ಡಬ್ಬಾನೂ ಹೋಯ್ತು. ಅದೂ ಐಸ್‌ಕ್ರೀಮ್ ಆಗಿರಲಿಲ್ಲ, ಡಬ್ಬದ ಮೇಲೆ ಫ್ರೋಜನ್ ಡೆಸರ್ಟ್ ಅಂತಿತ್ತು. ಐಸ್‌ಕ್ರೀಮಲ್ಲಿ ಹಾಲಿನ ಕೊಬ್ಬು ಇರ್ತದೆ, ಇದರಲ್ಲಿ ಸಸ್ಯಜನ್ಯ ಎಣ್ಣೆ.

ನಾಲ್ಕು, ಫ್ಯಾಮಿಲಿ ಪ್ಯಾಕ್ ಬಿಸ್ಕತ್ತು, ಹತ್ತು ಕಿಲೋ ಗೋಧಿಹಿಟ್ಟು. ನಮ್ಮದು ಅನ್ನ, ಅಕ್ಕಿರೊಟ್ಟಿ, ಕಡುಬಿನ ಮನೆ. ಚಪಾತಿ ವಾರಕ್ಕೊಂದು ಸಲ. ಜುಲೈ ಹೊತ್ತಿಗೆ ಹಿಟ್ಟಲ್ಲಿ ಹುಳ. ಬಿಸ್ಕತ್ತು ಒಂದು ಸಲ ಒಡೆದ್ರೆ ಮೂರೇ ದಿನಕ್ಕೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗೆ. ಬಯಲುಸೀಮೇಲಿ ಮೂರು ತಿಂಗಳು ಬಾಳೋ ಸಾಮಾನು ನಮ್ಮ ಥಂಡಿಗೆ ಮೂರು ವಾರ ಬಾಳಲ್ಲ. ಅಜ್ಜಿ ಕಾಲದಲ್ಲಿ ಒಲೆ ಹೊಗೆ ತಾಗೋ ಅಟ್ಟದ ಮೇಲಿಟ್ಟು ಕಾಪಾಡ್ತಿದ್ರು. ಈಗ ಗ್ಯಾಸ್ ಒಲೆ, ಅಟ್ಟ ಬರೀ ಹಳೇ ಸೂಟ್‌ಕೇಸಿಗೆ.

ಐದನೇದು ಚಿಕ್ಕಮ್ಮನ ಬಾಯಲ್ಲೇ ಕೇಳ್ಬೇಕು. ಕುತೂಹಲಕ್ಕೆ ಒಂದು ಬಾಟ್ಲಿ ಮಾವಿನ ಉಪ್ಪಿನಕಾಯಿ ತಗೊಂಡಿದ್ರು. ಎಣ್ಣೇಲಿ ಮುಳುಗಿದ ಹೋಳು, ಮೂಗಿಗೆ ಹೊಡೆಯೋ ವಿನೆಗರ್ ವಾಸನೆ. "ಸಾಗರದಾಗೆ ಕೂತ್ಕಂಡು ಇದನ್ನ ದುಡ್ಡು ಕೊಟ್ಟು ತಂದೆ ಅಂದ್ರೆ ನಮ್ಮತ್ತೆ ಮೇಲಿಂದ ಇಳಿದು ಬರ್ತಾರೆ" ಅಂದ್ರು. ನಮ್ಮ ಅಪ್ಪೆಮಿಡಿಗೆ ಜಿಐ ಮಾನ್ಯತೆ ಇದೆ. ಹೊಳೆ ಬದಿಯ ಕಾಡುಮರದ ಮಿಡಿ, ಉಪ್ಪು, ಸಾಸಿವೆ, ಮೆಣಸು. ಸೊನೆಯ ಪರಿಮಳ ಎರಡು ವರ್ಷ ಆದ್ರೂ ಹೋಗಲ್ಲ. ಹಲಸಿನ ಹಪ್ಪಳ, ಜೋನಿಬೆಲ್ಲ, ಮುರುಗಲು ಹುಳಿಗೂ ಇದೇ ಮಾತು. ನಮ್ಮ ಹಿತ್ತಲಲ್ಲಿ ಆಗೋದನ್ನ 65 ಕಿಲೋಮೀಟರ್ ಹೋಗಿ ಪಾಕೆಟಲ್ಲಿ ತರೋದು ಎಂತ ಬುದ್ಧಿ?

ಇಲ್ಲಿಗೆ ಸಂಚಿಕೆ ಮುಗಿಸ್ಬಹುದಿತ್ತು. ಆದ್ರೆ ಜುಲೈನಲ್ಲಿ ಒಂದು ಘಟನೆ ಆಯ್ತು.

ಐದು ದಿನ ಬಿಡದೇ ಮಳೆ. ಧರೆ ಕುಸಿದು ನಮ್ಮನೆ ದಾರಿ ಮುಚ್ಚಿತು, ಕಾರು ಹೊರಗೆ ತೆಗೆಯೋ ಹಾಗಿಲ್ಲ. ಅದೇ ಹೊತ್ತಿಗೆ ಅಜ್ಜಿಗೆ ಜ್ವರ. ಗಂಜಿ ಬಿಟ್ಟು ಎಂತದೂ ಸೇರಲ್ಲ. ಮನೇಲಿ ಉಪ್ಪು ತಳ ಕಂಡಿತ್ತು, ಮೇಣದಬತ್ತಿ ಇರಲಿಲ್ಲ, ಹಾಲಿನಪುಡಿ ಇರಲಿಲ್ಲ. ಅಟ್ಟದ ತುಂಬ ಆಫರಲ್ಲಿ ತಂದ ನೂಡಲ್ಸ್, ಸಾಸ್, ಬಿಸ್ಕತ್ತು. ಅಮ್ಮ ಅಂಗಡಿಯಣ್ಣಂಗೆ ಫೋನ್ ಮಾಡಿದ್ರು. ಒಂದು ಗಂಟೇಲಿ ಕಂಬಳಿಕೊಪ್ಪೆ ಹಾಕ್ಕೊಂಡ ಒಬ್ಬ ಹುಡುಗ, ಕುಸಿದ ಮಣ್ಣು ಹತ್ತಿಳಿದು, ಚೀಲ ತಂದಿಟ್ಟ. ದುಡ್ಡು ಕೊಡೋಕೆ ಹೋದ್ರೆ, "ಅಣ್ಣ ಪುಸ್ತಕದಾಗೆ ಬರ್ಕಂಡಿದಾರೆ" ಅಂದು ಹೊರಟ.

ಆ ಪುಸ್ತಕ ನಮ್ಮ ಕಡೆ ಎಲ್ಲರಿಗೂ ಗೊತ್ತು. ಉದ್ರಿ ಪುಸ್ತಕ. ಅಡಿಕೆ ಕೊಯ್ಲು ಮುಗಿದು ಮಾಲು ಮಾರೋ ತನಕ ಎಷ್ಟೋ ಮನೇಲಿ ಕೈಯಲ್ಲಿ ಕಾಸಿರಲ್ಲ. ಮಳೆಗಾಲ ಪೂರ್ತಿ ಆ ಪುಸ್ತಕದ ಮೇಲೇ ಒಲೆ ಉರಿಯೋದು. ಕೊಳೆರೋಗವೋ ಎಲೆಚುಕ್ಕಿಯೋ ಬಂದು ಫಸಲು ಹೋದ ವರ್ಷ ಅದು ಮುಂದಿನ ವರ್ಷಕ್ಕೆ ಹೋಗ್ತದೆ. ಯಾವ ಡಿಸ್ಕೌಂಟ್ ಅಂಗಡಿ ಬಿಲ್ ಕೌಂಟರಿನಲ್ಲಿ "ಅಡಿಕೆ ಮಾರಿದ ಮೇಲೆ ಕೊಡ್ತೀನಿ" ಅಂದ್ರೆ ಆಗ್ತದಾ?

ಮಳೆ ಬಿಟ್ಟ ಮೇಲೆ ಬಾಕಿ ಕೊಡೋಕೆ ನಾನೇ ಹೋದೆ. ತೊಗರಿಬೇಳೆ ಮೂಟೆ ಇಡ್ತಿದ್ದ ಜಾಗ ಖಾಲಿ ಇತ್ತು. ಕೇಳಿದೆ. "ಈಗ ಐದೈದು ಕಿಲೋ ಮಾತ್ರ ತರ್ಸದು ತಂಗಿ. ಎಲ್ಲರೂ ಶಿವಮೊಗ್ಗದಿಂದ ತರ್ತಾರಲ್ಲ. ಉಪ್ಪು, ಬೆಂಕಿಪೆಟ್ಟಿಗೆಗೆ ಮಾತ್ರ ಇಲ್ಲಿಗೆ ಬಂದ್ರೆ ನಾನು ಎಷ್ಟು ವರ್ಷ ಬಾಗಿಲು ತೆಗೀಲಿ?" ಅಂದ್ರು. ಸಿಟ್ಟಿಲ್ಲ, ನಗ್ತಾನೇ ಹೇಳಿದ್ರು. ನನಗೆ ಆ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದ ಫೋಟೋ ನೆನಪಾಯ್ತು. ಅವರ ಮಗನೂ ಆ ಸ್ಟೇಟಸ್ ನೋಡಿದ್ದ.

ಈ ವರ್ಷ ಅಮ್ಮ ನಾನು ಪಟ್ಟೀನ ಎರಡು ಮಾಡಿದ್ವಿ. ಬೇರೆ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದಾಗ ಅಲ್ಲಿಂದ ಗೋಡಂಬಿ ತುಂಡು, ಒಣದ್ರಾಕ್ಷಿ, ಓಟ್ಸ್ ಥರದ್ದು, ನಮ್ಮೂರಲ್ಲಿ ಸಿಗದೇ ಇರೋದು. ಬೇಳೆ, ಎಣ್ಣೆ, ಸಕ್ಕರೆ ಮತ್ತೆ ಊರಿಂದಲೇ. ಹೌದು, ತೊಗರಿಬೇಳೆಗೆ ಐದು ಕಿಲೋಗೆ 110 ರೂಪಾಯಿ ಜಾಸ್ತಿ ಆಗುತ್ತೆ. ಅಪ್ಪ ಅದಕ್ಕೆ ಹೇಳೋದು, "ಅದು ಮಳೆಗಾಲದ ಇನ್ಶೂರೆನ್ಸ್ ಕಂತು" ಅಂತ. ಎಲ್ಲರ ಮನೆಗೂ ಈ ಲೆಕ್ಕ ಒಗ್ಗಲ್ಲ, ತಿಂಗಳ ಸಂಬಳದಲ್ಲಿ ಬಾಡಿಗೆ ಕಟ್ಟೋ ನನ್ನ ಗೆಳತಿಗೆ ಆ 110 ದೊಡ್ಡದೇ. ಅವಳು ಅಲ್ಲಿಂದಲೇ ತರಲಿ. ಬಟಾಣಿ ಒಂದು ಬಿಟ್ಟು.

ಹೋಗೋಕೆ ಮುಂಚೆ ಫೋನಲ್ಲಿ ಬರ್ಕೊಳ್ಳಿ. ತೂಕ ನೋಡಿ, ಆಮೇಲೆ ಬೆಲೆ ನೋಡಿ. ಆಫರ್ ಇದ್ರೆ ಮೊದಲು ತಾರೀಕು ನೋಡಿ, ಮುಗಿಯೋಕೆ ಬಂದಿದ್ದು ಆಫರಿಗೆ ಬಂದಿರಬಹುದು. ಎಂಆರ್‌ಪಿಗಿಂತ ಹೆಚ್ಚು ತಗೊಂಡ್ರೆ, ತೂಕ ಕಡಿಮೆ ಇದ್ರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದು ದೊಡ್ಡ ಅಂಗಡಿಗೂ ಅನ್ವಯ, ಸಣ್ಣ ಅಂಗಡಿಗೂ ಅನ್ವಯ.

ನಿಮ್ಮ ಟ್ರಾಲೀಲಿ ಗೆದ್ದಿದ್ದು ಯಾವುದು, ಸೋತಿದ್ದು ಯಾವುದು? ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ಚಿಕೋರಿ ಇಷ್ಟಪಡೋರು ಯಾರಾದ್ರೂ ಇದ್ರೆ ಅದನ್ನೂ ಹೇಳಿ, ಆ ಪಾಕೆಟ್ ಇನ್ನೂ ಒಡೆದಿಲ್ಲ. ಮುಂದಿನ ವಾರ ಸಿಗೋಣ, ನಮಸ್ಕಾರ.