ಓದೋರು ಇದ್ರೆ ಮಕ್ಕಳು ಬರೀತಾರೆ

ನಾನು 11 ವರ್ಷದಿಂದ ಪುಣೆಯಲ್ಲಿದ್ದೀನಿ. ವಾರವಿಡೀ ಸಾಫ್ಟ್‌ವೇರ್ ಕೆಲಸ. ಭಾನುವಾರ ಬೆಳಗ್ಗೆ ಒಂದು ಗಂಟೆ ನಮ್ಮ ಸೊಸೈಟಿಯ ಎಂಟು ಮಕ್ಕಳಿಗೆ ಕನ್ನಡ ಕಲಿಸ್ತೀನಿ. ಎಲ್ಲರೂ 9ರಿಂದ 12 ವರ್ಷದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಅಕ್ಷರ ಕಲಿಯೋದು ಅವರಿಗೆ ಕಷ್ಟ ಆಗಲಿಲ್ಲ. ಮರಾಠಿ ವರ್ಣಮಾಲೆ ಗೊತ್ತಿರೋ ಮಗುವಿಗೆ ಕ, ಖ, ಗ ಅದೇ ಕ್ರಮದಲ್ಲಿ ಸಿಗುತ್ತೆ. ಆದರೆ "ನಾಲ್ಕು ವಾಕ್ಯ ಬರೀರಿ" ಅಂದ ಕೂಡಲೇ ಎಲ್ಲರ ಪೆನ್ಸಿಲ್ ನಿಂತುಬಿಡ್ತಿತ್ತು.

ಐಟಿಯವನು ಏನು ಮಾಡ್ತಾನೆ? ಟೂಲ್ ಹುಡುಕ್ತಾನೆ. ಅಪ್ಪ-ಅಮ್ಮಂದಿರ ಅಕೌಂಟಿನಲ್ಲೇ ಪ್ರತಿ ಮಗುವಿಗೂ ಒಂದು ಗೂಗಲ್ ಡಾಕ್ಸ್ ಫೈಲ್ ಮಾಡಿದೆ. ಫೋನಿನಲ್ಲಿ ಜಿಬೋರ್ಡ್ ಹಾಕಿಸಿದೆ. ಇಂಗ್ಲಿಷ್ ಅಕ್ಷರ ಒತ್ತಿದ್ರೂ ಕನ್ನಡ ಬರುತ್ತೆ, ಬೆರಳಲ್ಲಿ ಗೀಚಿದ್ರೂ ಬರುತ್ತೆ, ಮಾತಾಡಿದ್ರೂ ಬರುತ್ತೆ. ಎರಡು ವಾರ ಎಲ್ಲರೂ ಖುಷಿಯಿಂದ ಬರೆದರು. ನಾನು ರಾತ್ರಿ ಕೂತು, ಆಫೀಸಲ್ಲಿ ಕೋಡ್ ರಿವ್ಯೂ ಮಾಡೋ ಹಾಗೆ, ಸಜೆಸ್ಟಿಂಗ್ ಮೋಡ್‌ನಲ್ಲಿ ಒಂದೊಂದು ತಪ್ಪನ್ನೂ ತಿದ್ದಿದೆ.

ಮೂರನೇ ವಾರ ಹತ್ತು ವರ್ಷದ ಹುಡುಗಿಯೊಬ್ಬಳ ಪುಟ ಖಾಲಿ. ಯಾಕೆ ಅಂತ ಕೇಳಿದೆ. "ಅಂಕಲ್, ನೀವು ಹೇಗೂ ಎಲ್ಲಾ ಬದಲಾಯಿಸ್ತೀರಲ್ಲ, ನೀವೇ ಬರೀರಿ" ಅಂದಳು.

ಆ ಮಾತು ಚುಚ್ಚಿತು. ಶಾಲೆಯ ಕೆಂಪು ಪೆನ್ನನ್ನೇ ನಾನು ಆನ್‌ಲೈನಿಗೆ ತಂದಿದ್ದೆ.

"ಸರಿ, ನನಗೆ ಬರೀಬೇಡ. ಯಾರಿಗೆ ಹೇಳಬೇಕು ಅನ್ಸುತ್ತೆ?" ಅಂದೆ. "ಧಾರವಾಡದ ಅಜ್ಜಿಗೆ." ಅಜ್ಜಿಗೆ ಇಂಗ್ಲಿಷ್ ಓದಕ್ಕೆ ಬರಲ್ಲ. ಮೊಮ್ಮಗಳು ಅಲ್ಲಿವರೆಗೆ ವಾಟ್ಸಾಪಿನಲ್ಲಿ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೀತಿದ್ದಳು, ಯಾರಾದ್ರೂ ಓದಿ ಹೇಳಬೇಕಿತ್ತು. ಈ ಸಲ ಬೇಸಿಗೆ ರಜೆಯ ಬಗ್ಗೆ ಕನ್ನಡದಲ್ಲೇ ಬರೆದು ಕಳಿಸಿದಳು: "ಅಜ್ಜನ ಜೊತೆ ಕೇರೆಯ ದಂಡೆ ಮೇಲೆ ಕೂತು ಗಿರಮಿಟ್ ತಿಂದೆವು."

ತಪ್ಪು ಕಾಣಿಸ್ತು. ಮರಾಠಿಯಲ್ಲಿ ಎ-ಏ ಅಂತ ಎರಡು ಬೇರೆ ಅಕ್ಷರ ಇಲ್ಲ, ಅದಕ್ಕೇ ಈ ಮಕ್ಕಳು ಅಲ್ಲಿ ಎಡವುತ್ತಾರೆ. ಈ ಸಲ ಕೈ ಕಟ್ಟಿಕೊಂಡು ಕೂತೆ. ಸಂಜೆ ಅಜ್ಜಿಯ ವಾಯ್ಸ್ ಮೆಸೇಜ್ ಬಂತು: "ಯವ್ವಾ, ಕೇರೆ ಅಂದ್ರ ಹಾವು! ಹಾವಿನ ದಂಡಿ ಮ್ಯಾಲೆ ಕುಂತು ಗಿರಮಿಟ್ ತಿಂದ್ರೇನ?"

ಹುಡುಗಿ ಬಿದ್ದು ಬಿದ್ದು ನಕ್ಕಳು. ತಾನೇ "ಕೆರೆ" ಅಂತ ತಿದ್ದಿದಳು. ಅಜ್ಜಿಯ ಹಿತ್ತಲಿಗೆ ನಿಜವಾಗ್ಲೂ ಹಾವು ಬಂದ ಕಥೆಯನ್ನ ಇನ್ನೊಂದು ಪುಟ ಬರೆದಳು.

ಈಗ ನಮ್ಮ ಕ್ಲಾಸಿನ ಪದ್ಧತಿ ಇಷ್ಟು. ಪ್ರತಿ ಮಗುವಿಗೆ ಊರಲ್ಲಿ ಒಬ್ಬ ಓದುಗರು. ನಾನು ವಾರಕ್ಕೆ ಒಂದೇ ಕಾಮೆಂಟ್ ಹಾಕ್ತೀನಿ, ಅದೂ ಪ್ರಶ್ನೆ: "ಹಾವು ಆಮೇಲೆ ಎಲ್ಲಿ ಹೋಯ್ತು?" ಕಾಗುಣಿತದ ಒಂದು ವಿಷಯವನ್ನ ಭಾನುವಾರ ಎಲ್ಲರಿಗೂ ಒಟ್ಟಿಗೆ ಹೇಳ್ತೀನಿ. ಬರೆಯಕ್ಕೆ ಹಿಂಜರಿಯೋರು ಮೊದಲು ಮಾತಾಡಿ ಟೈಪ್ ಮಾಡಿಸ್ತಾರೆ. ಯಂತ್ರ ತಪ್ಪು ಕೇಳಿಸ್ಕೊಂಡಾಗ ಅದನ್ನ ತಿದ್ದೋದು ಮಕ್ಕಳ ಕೆಲಸ, ಆಗ ಅವರೇ ಮೇಷ್ಟ್ರು! ಮೂರು ತಿಂಗಳಾದ ಮೇಲೆ, ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಚಿತ್ರ ಆರಿಸ್ಕೊಂಡು ಪುಟ್ಟ ಪುಸ್ತಕ ಮಾಡ್ತೀವಿ. ಅದು ಎಲ್ಲರಿಗೂ ಕಾಣುತ್ತೆ, ಹಾಗಾಗಿ ಮಕ್ಕಳ ಪೂರ್ತಿ ಹೆಸರು, ಶಾಲೆ, ಫೋಟೋ ಹಾಕಲ್ಲ.

ಎಲ್ಲರೂ ಬರೀತಿದ್ದಾರೆ ಅಂತ ಹೇಳಲ್ಲ. ಇಬ್ಬರು ಬಿಟ್ಟರು. ಒಬ್ಬ ಹುಡುಗನಿಗೆ ಊರಿಂದ ಉತ್ತರ ಬರೋದೇ ನಿಂತಿತ್ತು, ಅವನ ಬರವಣಿಗೆಯೂ ನಿಂತಿತು. ಅದಕ್ಕೇ ದೊಡ್ಡವರಿಗೆ ನನ್ನ ವಿನಂತಿ: ಮಗು ಕಳಿಸಿದ್ದಕ್ಕೆ ಎರಡು ಮಾತು ಉತ್ತರ ಕೊಡಿ.

ಆ ಅಜ್ಜಿ ಕೊನೆಗೆ ಇನ್ನೊಂದು ಮೆಸೇಜ್ ಕಳಿಸಿದ್ರು: "ಈ ಸಲ ಯಾರೂ ಓದಿ ಹೇಳಲಿಲ್ಲವಾ, ನಾನ ಓದೀನಿ." ಹುಡುಗಿ ಅದನ್ನ ಇನ್ನೂ ಅಳಿಸಿಲ್ಲ.